ಮದುಮಗಳ ಬೊಕೆ: ಮೊದಲು ಗಂಟೆ ಎಣಿಸಿ, ಆಮೇಲೆ ಹೂವು ಆರಿಸಿ

(ಧಾರವಾಡದಲ್ಲಿ ಮದುವೆ ಮನೆಯವರು ಮತ್ತು ಹೂವಿನ ಕೆಲಸ ಕಲಿಯುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮದುಮಗಳ ಕೈಯಲ್ಲಿ ಬೊಕೆ ಹಿಡಿಸುವುದು ನಮ್ಮ ಭಾಗಕ್ಕೆ ತೀರಾ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂದರು. ಆ ಚರ್ಚುಗಳ ಸುತ್ತ ಬೆಳೆದ ಮನೆತನಗಳಿಗೆ ಬಿಳಿ ಸೀರೆ, ಕೈಯಲ್ಲೊಂದು ಹೂಗುಚ್ಛ ಪರಿಚಯದ ಸಂಗತಿ. ಈಗ ಬೇರೆಯವರ ಮನೆಗಳಲ್ಲೂ ಅಕ್ಷತೆ ಆದಮೇಲೆ ಸಂಜೆಯ ರಿಸೆಪ್ಷನ್‌ಗೆ ಬೊಕೆ ಕೇಳುತ್ತಾರೆ. ಬೇಡಿಕೆ ಹೆಚ್ಚಿದೆ, ಆರಿಸುವ ರೀತಿ ಮಾತ್ರ ಹಾಗೇ ಉಳಿದಿದೆ. ಫೋನ್ ತೆಗೆದು ಒಂದು ಫೋಟೊ ತೋರಿಸಿ “ಸೇಮ್ ಹಿಂಗ ಬೇಕ್ರಿ” ಅನ್ನುತ್ತಾರೆ. ಆ ಫೋಟೊ ಚಳಿ ದೇಶದ್ದು, ಅದರಲ್ಲಿರುವುದು ಪಿಯೋನಿ ಇಲ್ಲವೇ ಹೈಡ್ರೇಂಜಿಯಾ. ಏಪ್ರಿಲ್‌ನ ಗದಗಿನಲ್ಲಿ ಹೈಡ್ರೇಂಜಿಯಾ ನೀರಿನಿಂದ ಹೊರಗೆ ಒಂದೆರಡು ಗಂಟೆ ನಿಂತರೆ ದೊಡ್ಡ ಮಾತು.

ಆದ್ದರಿಂದ ಬೊಕೆ ಆರಿಸಲು ಕೂತಾಗ ಬಣ್ಣ, ಆಕಾರ, ರೊಕ್ಕ ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿ: ಈ ಹೂವು ನೀರಿಲ್ಲದೆ ಎಷ್ಟು ತಾಸು ಕೈಯಲ್ಲಿ ಇರಬೇಕು? ಅದರ ಉತ್ತರ ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ.

ಲೆಕ್ಕ ಹಾಕೋಣ. ಚರ್ಚಿನಲ್ಲಿ ಹತ್ತೂವರೆಗೆ ಆರಾಧನೆ ಅಂದರೆ ಮದುಮಗಳು ಒಂಬತ್ತೂವರೆಗೆ ಬೊಕೆ ಹಿಡಿದು ಮನೆಯಲ್ಲಿ ಫೋಟೊಕ್ಕೆ ನಿಲ್ಲುತ್ತಾಳೆ. ಪ್ರಾರ್ಥನೆ, ಉಂಗುರ, ಸಹಿ, ಮೆಟ್ಟಿಲ ಮೇಲಿನ ಫೋಟೊ, ಮುಂದೆ ಕಾರ್ಯಾಲಯ, ಅಂದರೆ ಮದುವೆ ಹಾಲ್. ಮಧ್ಯಾಹ್ನ ಒಂದೂವರೆ ಆಗುತ್ತದೆ, ಒಟ್ಟು ನಾಲ್ಕು ತಾಸು. ಸಂಜೆಯ ರಿಸೆಪ್ಷನ್ ಆದರೆ ಪಾರ್ಲರ್‌ನಲ್ಲಿ ಐದಕ್ಕೆ ಕೈಗೆ ಕೊಟ್ಟ ಬೊಕೆ ಹತ್ತೂವರೆವರೆಗೆ ಕೈಯಲ್ಲೇ ಇರುತ್ತದೆ, ಅದೂ ಸ್ಟೇಜಿನ ಫೋಕಸ್ ದೀಪಗಳ ಬಿಸಿಯಲ್ಲಿ. ಅಲ್ಲಿಗೆ ಐದೂವರೆ ತಾಸು.

ಈ ತಾಳಿಕೆಯ ದೃಷ್ಟಿಯಿಂದ ನಮ್ಮಲ್ಲಿ ಸಿಗುವ ಹೂವುಗಳನ್ನು ನೋಡಿದರೆ ಕಾರ್ನೇಷನ್, ಸೇವಂತಿಗೆ, ಡೆಂಡ್ರೋಬಿಯಂ ಆರ್ಕಿಡ್, ಕಾಗದದಂಥ ಸಣ್ಣ ಹೂವಿನ ಲಿಮೋನಿಯಂ ಇವು ಗಟ್ಟಿ ಜಾತಿಯವು. ಚೆನ್ನಾಗಿ ನೀರು ಕುಡಿದಿದ್ದರೆ ಆರೇಳು ತಾಸು ಮುಖ ಬಾಡಿಸುವುದಿಲ್ಲ. ಡಚ್ ಗುಲಾಬಿ, ಅಂದರೆ ಉದ್ದ ದಂಟಿನ ಗುಲಾಬಿ, ನಾಲ್ಕೈದು ತಾಸು. ಜರ್ಬೆರಾ ನೋಡಲು ದೊಡ್ಡದು, ಅಗ್ಗ, ಆದರೆ ಅದರ ದಂಟು ಮೆತ್ತಗೆ, ಒಳಗೆ ಪೊಳ್ಳು. ಮೂರು ತಾಸಿನ ಮೇಲೆ ಕತ್ತು ಬಾಗಿಸುತ್ತದೆ. ಲಿಲ್ಲಿ ಬಾಡುವುದಕ್ಕಿಂತ ಬೇರೆ ತೊಂದರೆ ಕೊಡುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಈ ಲೆಕ್ಕವನ್ನೆಲ್ಲ ಅರ್ಧ ಮಾಡಿಕೊಳ್ಳಿ. ಚರ್ಚ್ ಮದುವೆಗಳಿಗೆ ಇದು ಬಹಳ ಮುಖ್ಯ. ಲೆಂಟ್ ದಿನಗಳಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ, ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ, ಈಸ್ಟರ್ ಮುಗಿದ ಕೂಡಲೇ ಮುಹೂರ್ತಗಳು ಸಾಲಾಗಿ ಬರುತ್ತವೆ, ಅಷ್ಟರಲ್ಲಿ ನಮ್ಮಲ್ಲಿ ಉರಿಬಿಸಿಲು.

ಇನ್ನು ಸುಗಂಧರಾಜ. ನನ್ನ ಮಟ್ಟಿಗೆ ನಮ್ಮ ಸೀಮೆಯ ಬೊಕೆಗೆ ಇದಕ್ಕಿಂತ ಯೋಗ್ಯವಾದ ಬಿಳಿ ಹೂವು ಇನ್ನೊಂದಿಲ್ಲ, ಆದರೂ ಅದನ್ನು ಹಾರಕ್ಕೆ ಮಾತ್ರ ಅಂತ ಪಕ್ಕಕ್ಕಿಟ್ಟಿದ್ದೇವೆ. ಎಸಳು ಮೇಣದ ಹಾಗೆ ದಪ್ಪ, ಒಳಗಿನ ತೇವ ಬೇಗ ಆರುವುದಿಲ್ಲ. ಬಿಡಿ ಹೂವನ್ನು ಸಣ್ಣ ತಂತಿಗೆ ಏರಿಸಿ ಗುಲಾಬಿಗಳ ನಡುವೆ ಸೇರಿಸಿದರೆ ವಿದೇಶಿ ಬೊಕೆಗಳಲ್ಲಿ ಕಾಣುವ ಸ್ಟೆಫನೋಟಿಸ್ ಅನ್ನುವ ಬಿಳಿ ಹೂವಿಗೆ ಸರಿಸಾಟಿ. ಕಟ್ಟುವುದಕ್ಕೆ ಸಿಂಗಲ್ (ಒಂದು ಸುತ್ತು ಎಸಳಿನ) ಜಾತಿ ಒಳ್ಳೆಯದು, ದಂಟು ಸಮೇತ ಎತ್ತರಕ್ಕೆ ಬೇಕಾದರೆ ಡಬಲ್ (ಹಲವು ಸುತ್ತು ಎಸಳಿನದು). ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಪ್ರಜ್ವಲ್’ ತಳಿ ಸಿಂಗಲ್, ಹೂವು ತೂಕದ್ದು, ಆದರೆ ಮೊಗ್ಗಿನಲ್ಲಿ ಸ್ವಲ್ಪ ಗುಲಾಬಿ ಛಾಯೆ ಇರುತ್ತದೆ. ಅಚ್ಚ ಬಿಳಿಯೇ ಬೇಕು ಅನ್ನುವವರು ಅದರ ಅರಳಿದ ಹೂವನ್ನಷ್ಟೇ ಬಳಸಿ, ಮೊಗ್ಗು ಬಿಟ್ಟುಬಿಡಿ. ಡಬಲ್‌ನಲ್ಲಿ ‘ಸುವಾಸಿನಿ’, ‘ವೈಭವ್’ ಇವೆ. ವೈಭವ್ ಮೊಗ್ಗು ತಿಳಿಹಸಿರು, ಎಲೆಯ ಜೊತೆ ಚಂದ ಹೊಂದುತ್ತದೆ.

ಮಲ್ಲಿಗೆಯ ವಿಷಯದಲ್ಲಿ ಎಚ್ಚರ ಬೇಕು. ತುಂಗಭದ್ರೆಯ ಆಚೆ ದಡದ ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ, ಅಂಥ ಹೂವು ಇಷ್ಟು ಹತ್ತಿರ ಇರುವಾಗ ಬೊಕೆಯಲ್ಲಿ ಬೇಕು ಅನ್ನಿಸುವುದು ಸಹಜ. ಆದರೆ ಮಲ್ಲಿಗೆಯ ಮೊಗ್ಗನ್ನು ನಸುಕಿನಲ್ಲಿ ಬಿಡಿಸುತ್ತಾರೆ, ಅದು ಅದೇ ಸಂಜೆ ಅರಳುತ್ತದೆ, ಮರುದಿನ ಮಧ್ಯಾಹ್ನಕ್ಕೆ ಅಂಚು ಕಂದು. ಅಂದರೆ ಸಂಜೆಯ ರಿಸೆಪ್ಷನ್‌ಗೆ ಮಲ್ಲಿಗೆ ಬಹಳ ಚೆನ್ನ. ಬೆಳಗಿನ ಚರ್ಚ್ ಮದುವೆಗೆ ಹಿಂದಿನ ಸಂಜೆ ತಂದ ಮಲ್ಲಿಗೆ ಕೈ ಕೊಡುತ್ತದೆ. ಬಳಸುವುದಾದರೆ ಮೊಗ್ಗಿನ ಸರ ಮಾಡಿ, ಎರಡೋ ಮೂರೋ ಎಳೆ, ಒಂದೊಂದು ಗೇಣು ಉದ್ದ, ಬೊಕೆಯ ಅಡಿಯಿಂದ ಇಳಿಬಿಡಿ. ಇದು ಕಟ್ಟ ಕಡೆಗೆ ಸೇರಿಸುವ ವಸ್ತು.

ಸಂತೆಗೆ ಬರೋಣ. ಹುಬ್ಬಳ್ಳಿಯ ದುರ್ಗದಬೈಲ್, ಜನತಾ ಬಜಾರ್ ಕಡೆ ಬಿಡಿ ಹೂವು ಯಥೇಚ್ಛ: ಸೇವಂತಿಗೆ, ಚೆಂಡು ಹೂವು, ಗಲಾಟಿ ಹೂವು, ಸುಗಂಧರಾಜ. ದಂಟಿನ ಹೂವು, ಅಂದರೆ ಡಚ್ ಗುಲಾಬಿ, ಕಾರ್ನೇಷನ್, ಜರ್ಬೆರಾ, ಹೆಚ್ಚಾಗಿ ಬೆಂಗಳೂರು ಇಲ್ಲವೇ ಪುಣೆ ಕಡೆಯ ಪಾಲಿಹೌಸ್‌ಗಳಿಂದ (ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಿಂದ) ಪೆಟ್ಟಿಗೆಯಲ್ಲಿ ಬರುತ್ತದೆ. “ಇವತ್ತಿನ ಮಾಲು ಅಕ್ಕಾರ” ಅಂದಾಗ ಹೂವಿನವ ಸುಳ್ಳು ಹೇಳುತ್ತಿಲ್ಲ, ಪೆಟ್ಟಿಗೆ ಇವತ್ತೇ ಇಳಿದಿದೆ. ಹೂವು ಗಿಡದಿಂದ ಕತ್ತರಿಸಿದ್ದು ಮಾತ್ರ ಅದಕ್ಕೂ ಒಂದೆರಡು ದಿನ ಮೊದಲು, ದಾರಿಯಲ್ಲಿ ನೀರೂ ಇಲ್ಲ. ಅದಕ್ಕೇ ಕಣ್ಣಿಂದಷ್ಟೇ ಅಲ್ಲ, ಬೆರಳಿಂದಲೂ ನೋಡಬೇಕು.

ಗುಲಾಬಿಯ ಮೊಗ್ಗಿನ ಬುಡವನ್ನು, ಹಸಿರು ತೊಟ್ಟಿನ ಸ್ವಲ್ಪ ಮೇಲೆ, ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ. ಗಟ್ಟಿ ಇದ್ದರೆ ತಾಜಾ, ಸ್ಪಂಜಿನ ಹಾಗೆ ಒಳಗೆ ಹೋದರೆ ಹಳೆಯದು. ಆಮೇಲೆ ಅದೇ ಜಾಗದಲ್ಲಿ ಸುತ್ತ ಕಣ್ಣಾಡಿಸಿ. ಎಸಳು ಕಿತ್ತ ಗುರುತುಗಳು, ಸಣ್ಣ ಅರ್ಧಚಂದ್ರದ ಗೀರುಗಳು, ಒಂದೆರಡು ಇದ್ದರೆ ಸರಿ, ಏಕೆಂದರೆ ಹೊರಗಿನ ಒರಟು ಎಸಳನ್ನು ಎಲ್ಲರೂ ತೆಗೆಯುತ್ತಾರೆ. ಐದಾರು ಇದ್ದರೆ ಬಾಡಿದ ಎಸಳು ತೆಗೆದು ಹೊಸದು ಮಾಡಿದ್ದಾರೆ ಅಂತ ಅರ್ಥ. ಕೆಂಪು ಗುಲಾಬಿಯ ಅಂಚಿಗೆ ನೀಲಿ ಛಾಯೆ ಬಂದಿದ್ದರೆ ಅದಕ್ಕೆ ವಯಸ್ಸಾಗಿದೆ. ತೀರಾ ಬಿಗಿಯಾದ ಮೊಗ್ಗೂ ಬೇಡ, ಎಷ್ಟೋ ಸಲ ಅದು ಅರಳುವುದೇ ಇಲ್ಲ, ಹಾಗೇ ಕತ್ತು ಚೆಲ್ಲುತ್ತದೆ. ಹೊರಗಿನ ಎರಡು ಸುತ್ತು ಎಸಳು ಬಿಚ್ಚಿಕೊಂಡು ನಡು ಇನ್ನೂ ಮುಚ್ಚಿರುವುದು ಸರಿಯಾದ ಹದ.

ಕಾರ್ನೇಷನ್ ಎಸಳು ಒಳಮುಖವಾಗಿ ಮುದುಡಿದ್ದರೆ ಅದನ್ನು ಮುಟ್ಟಬೇಡಿ, ಎಷ್ಟು ನೀರು ಕುಡಿಸಿದರೂ ಮತ್ತೆ ಅರಳುವುದಿಲ್ಲ. ಸುಗಂಧರಾಜದ ಕಡ್ಡಿಯಲ್ಲಿ ಕೆಳಗಿನ ಎರಡು ಮೂರು ಹೂವು ಅರಳಿರಲಿ. ಆರ್ಕಿಡ್‌ನಲ್ಲಿ ತುದಿಯ ಎರಡು ಮೂರು ಮೊಗ್ಗು ಬಿಟ್ಟು ಉಳಿದದ್ದೆಲ್ಲ ಬಿಚ್ಚಿರಲಿ. ಸೇವಂತಿಗೆಯಲ್ಲಿ ಹೂವಿಗಿಂತ ಎಲೆ ಮೊದಲು ಹಳದಿಯಾಗುತ್ತದೆ, ಆದ್ದರಿಂದ ಎಲೆ ನೋಡಿ. ಸಣ್ಣ ಸಣ್ಣ ಬಿಳಿ ಹೂವಿನ ಜಿಪ್ಸೊಫಿಲಾ ಕಟ್ಟನ್ನು ತಲೆಕೆಳಗೆ ಒಮ್ಮೆ ಅಲ್ಲಾಡಿಸಿ, ಉದುರಿದರೆ ಅದು ಕಪ್ಪು ಕೋಟಿನ ಮದುಮಗನ ತೋಳಿನ ಮೇಲೂ ಉದುರುತ್ತದೆ. ನೀಲಿ ಆರ್ಕಿಡ್, ನೀಲಿ ಗುಲಾಬಿ ತೋರಿಸಿದರೆ ಒದ್ದೆ ಬಿಳಿ ಟಿಶ್ಯೂದಿಂದ ದಂಟಿನ ತುದಿ, ಎಸಳು ಎರಡನ್ನೂ ಒರೆಸಿ ನೋಡಿ. ಬಣ್ಣ ಕುಡಿಸಿದ ಹೂವು ಬೆವರಿಗೆ, ನೀರಿಗೆ ಬಣ್ಣ ಬಿಡುತ್ತದೆ, ಬಿಳಿ ಸೀರೆಗೆ ಹತ್ತಿದ ಕಲೆ ಹೋಗುವುದಿಲ್ಲ.

ಎಷ್ಟು ಕೊಳ್ಳಬೇಕು? ಡಚ್ ಗುಲಾಬಿ ಮತ್ತು ಕಾರ್ನೇಷನ್ ಇಪ್ಪತ್ತರ ಕಟ್ಟಿನಲ್ಲಿ, ಜರ್ಬೆರಾ ಹತ್ತರ ಕಟ್ಟಿನಲ್ಲಿ ಬರುತ್ತವೆ. 22 ಸೆಂಟಿಮೀಟರ್ ಅಗಲದ, ಅಂದರೆ ಊಟದ ತಟ್ಟೆಗಿಂತ ಚಿಕ್ಕದಾದ ದುಂಡು ಬೊಕೆಗೆ 16 ಗುಲಾಬಿ, 6 ಕಾರ್ನೇಷನ್, 2 ಅಥವಾ 3 ಕಡ್ಡಿ ಜಿಪ್ಸೊಫಿಲಾ, 5 ರೆಂಬೆ ಕಾಮಿನಿ ಎಲೆ ಸಾಕು. ಸುಗಂಧರಾಜ ಸೇರಿಸುವುದಾದರೆ ಗುಲಾಬಿ 12ಕ್ಕೆ ಇಳಿಸಿ, ಬಿಡಿ ಹೂವು 30 ತಂತಿಗೆ ಏರಿಸಿ. ಕಟ್ಟಿನಲ್ಲಿ ಉಳಿದ ಗುಲಾಬಿ ಮುರಿದದ್ದಕ್ಕೆ ಬದಲಿ, ಮದುಮಗನ ಕೋಟಿಗೆ ಒಂದು. ಯಾವ ಹೂವೇ ಆಗಲಿ ಐದಕ್ಕೆ ಒಂದು ಹೆಚ್ಚಿಗೆ ತನ್ನಿ. ಫೆಬ್ರುವರಿ ಎರಡನೇ ವಾರ ಮದುವೆ ಇದ್ದರೆ ಗುಲಾಬಿಯ ದರ ಪ್ರೇಮಿಗಳ ದಿನದಿಂದಾಗಿ ಏರಿರುತ್ತದೆ, ಆಗ ಕಾರ್ನೇಷನ್ ಮುಖ್ಯ ಹೂವಾಗಲಿ. ದಸರಾ, ದೀಪಾವಳಿ ಹೊತ್ತಿಗೆ ಬಿಡಿ ಹೂವು ತುಟ್ಟಿ.

ತಂದ ಹೂವಿಗೆ ನೀರು ಕುಡಿಸುವುದೇ ಇಡೀ ಕೆಲಸದ ಜೀವಾಳ, ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಕೈಚಳಕವೂ ಉಳಿಸುವುದಿಲ್ಲ. ಗುಲಾಬಿ ಕತ್ತು ಬಾಗುವುದು ಏಕೆ? ಪೆಟ್ಟಿಗೆಯಲ್ಲಿ ಒಣಗಿ ಬಂದ ದಂಟಿನ ತುದಿಯ ಸಣ್ಣ ನಾಳಗಳಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಆ ಗಾಳಿಯ ಗುಳ್ಳೆ ದಾಟಿ ನೀರು ಮೇಲೇರುವುದಿಲ್ಲ, ಭಾರದ ಮೊಗ್ಗಿನ ಕೆಳಗಿನ ಎಳೆ ದಂಟು ಮೊದಲು ಸೋಲುತ್ತದೆ. ಪರಿಹಾರ ಸರಳ: ಬಕೆಟ್ಟಿನ ನೀರಿನೊಳಗೆ ದಂಟು ಮುಳುಗಿಸಿ, ನೀರಿನ ಒಳಗೇ ಹರಿತವಾದ ಚಾಕುವಿನಿಂದ ಎರಡು ಮೂರು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ. ಮೊಂಡ ಕತ್ತರಿ ನಾಳಗಳನ್ನು ಜಜ್ಜುತ್ತದೆ. ನೀರಿಗೆ ತಾಗುವ ಎಲೆಗಳನ್ನೆಲ್ಲ ತೆಗೆಯಿರಿ, ಇಲ್ಲದಿದ್ದರೆ ಅವು ಕೊಳೆತು ಬ್ಯಾಕ್ಟೀರಿಯಾ ಬೆಳೆದು ಮತ್ತೆ ಅದೇ ನಾಳ ಮುಚ್ಚುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ನಾಲ್ಕೈದು ಹನಿ ಬ್ಲೀಚ್ ಹಾಕಿ. ಬರೀ ಸಕ್ಕರೆ ಹಾಕುವವರಿದ್ದಾರೆ, ಅದು ಹೂವಿಗಿಂತ ಬ್ಯಾಕ್ಟೀರಿಯಾಕ್ಕೆ ಊಟ. ಕನಿಷ್ಠ ಆರು ತಾಸು, ಸಾಧ್ಯವಾದರೆ ರಾತ್ರಿಯಿಡೀ, ಮನೆಯಲ್ಲಿ ಅತಿ ತಂಪಾದ ಕೋಣೆಯಲ್ಲಿ, ಫ್ಯಾನಿನ ಗಾಳಿ ತಾಗದಂತೆ ಇಡಿ.

ಯಾವ ನೀರು ಅನ್ನುವುದು ನಮ್ಮ ಭಾಗದಲ್ಲಿ ನಿಜವಾಗಿಯೂ ಕೇಳಬೇಕಾದ ಪ್ರಶ್ನೆ. ಗದಗ ಜಿಲ್ಲೆಯಲ್ಲಿ, ಮುಂಡರಗಿ ಕಡೆಯಂತೂ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಜರ್ಬೆರಾ, ಗ್ಲಾಡಿಯೋಲಸ್ ಹೂವುಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ, ಎಸಳಿನ ಅಂಚು ಸುಟ್ಟಂತೆ ಆಗುತ್ತದೆ. ಗುಲಾಬಿ ಸ್ವಲ್ಪ ತಡೆಯುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ ತಂದರೆ ಈ ಚಿಂತೆ ಇಲ್ಲ.

ಇನ್ನೊಂದು ತಪ್ಪು ಪ್ರತಿ ಕಾರ್ಯಾಲಯದಲ್ಲೂ ಆಗುತ್ತದೆ. ಹೂವಿನ ಬಕೆಟ್ಟನ್ನು ತಂಪು ಅಂತ ಉಗ್ರಾಣದಲ್ಲಿ ಇಡುತ್ತಾರೆ. ಅಲ್ಲೇ ಬಾಳೆಗೊನೆ, ಪಕ್ಕದಲ್ಲಿ ಮಾವಿನ ಹಣ್ಣಿನ ಬುಟ್ಟಿ. ಹಣ್ಣಾಗುವ ಕಾಯಿ ಎಥಿಲೀನ್ ಅನಿಲ ಬಿಡುತ್ತದೆ. ಕಾರ್ನೇಷನ್ ಅದರ ಗಾಳಿಗೇ ಮುದುಡಿಕೊಳ್ಳುತ್ತದೆ, ಆರ್ಕಿಡ್ ಹೂವು ಉದುರಿಸುತ್ತದೆ. ಬೆಳಿಗ್ಗೆ ನೋಡಿದಾಗ ಹೂವಿನವನನ್ನು ಬೈಯುತ್ತೇವೆ, ತಪ್ಪು ಬಾಳೆಗೊನೆಯದು. ಮನೆಯ ಫ್ರಿಜ್‌ನಲ್ಲಿ ಇಡುವುದಾದರೂ ಒಳಗೆ ಹಣ್ಣು ಇರಬಾರದು. ಗುಲಾಬಿ, ಕಾರ್ನೇಷನ್‌ಗೆ ಫ್ರಿಜ್ ಸರಿ. ಆರ್ಕಿಡ್, ಆಂಥೂರಿಯಂ ಬಿಸಿ ಸೀಮೆಯ ಹೂವುಗಳು, ಫ್ರಿಜ್ ಚಳಿಗೆ ಅವುಗಳ ಎಸಳು ಕಪ್ಪಾಗುತ್ತದೆ.

ಆಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದುಂಡು ಬೊಕೆ ಎಲ್ಲರಿಗೂ ಒಪ್ಪುತ್ತದೆ. ಇಳಿಬೀಳುವ ಕ್ಯಾಸ್ಕೇಡ್ ಉದ್ದ ಮೊಣಕಾಲು ದಾಟಬಾರದು, ಐದಡಿಗಿಂತ ಕಡಿಮೆ ಇರುವ ಹುಡುಗಿಗೆ ಅದು ಬೇಡವೇ ಬೇಡ. ಅದರಲ್ಲಿ ಎಲ್ಲ ಹೂವು ತಂತಿಯ ಮೇಲೆ ಇರುವುದರಿಂದ ನೀರೂ ಇಲ್ಲ, ಭಾರವೂ ಹೆಚ್ಚು. ತೋಳಿನ ಮೇಲೆ ಮಲಗಿಸಿ ಹಿಡಿಯುವ ಉದ್ದ ದಂಟಿನ ಬೊಕೆ ಸೀರೆಯ ಸೆರಗಿಗೆ ಬಹಳ ಒಪ್ಪುತ್ತದೆ, ಆದರೆ ಸೆರಗು ಇಲ್ಲದ ಬದಿಯ ತೋಳಿನ ಮೇಲೆ ಬರಲಿ. ಕೈತುಂಬ ಹಸಿರು ಬಳೆ ಇದ್ದರೆ ಚೂಪು ತುದಿಯ ಫರ್ನ್ ಎಲೆ ಬಳೆಯ ಸಂದಿಗೆ, ಜರಿಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಮೆತ್ತಗಿನ ಕಾಮಿನಿ ಎಲೆ ವಾಸಿ.

ಹಾರ ಮತ್ತು ಬೊಕೆ ಎರಡೂ ಇರುವ ಮದುವೆಗಳು ನಮ್ಮಲ್ಲಿ ಬಹಳ. ಹಾರ ಮೊಣಕಾಲಿನ ತನಕ ಇಳಿಯುತ್ತದೆ, ಅದರ ಮುಂದೆ ಅದೇ ಬಣ್ಣದ ಬೊಕೆ ಹಿಡಿದರೆ ಫೋಟೊದಲ್ಲಿ ಎರಡೂ ಒಂದೇ ಮುದ್ದೆ. ಹಾರ ಕೆಂಪು–ಬಿಳಿ ಆದರೆ ಬೊಕೆ ತಿಳಿ ಹಳದಿ ಅಥವಾ ತಿಳಿ ಗುಲಾಬಿ ಇರಲಿ, ಸುತ್ತ ಒಂದು ಸಾಲು ಹಸಿರು ಎಲೆ. ಬಿಳಿ ಸೀರೆಯ ಮುಂದೆ ಅಚ್ಚ ಬಿಳಿ ಬೊಕೆಗೂ ಇದೇ ಹಸಿರು ಅಂಚು ಬೇಕು, ಇಲ್ಲವಾದರೆ ಬೊಕೆ ಕಾಣುವುದೇ ಇಲ್ಲ. ಗಾಢ ಕೆಂಪು ಸಂಜೆಯ ದೀಪದಲ್ಲಿ ಕಪ್ಪಾಗಿ ಬರುತ್ತದೆ, ನೇರಳೆ ಹಳದಿ ಬೆಳಕಿನಲ್ಲಿ ಮಂಕು. ಇಳಕಲ್ ಸೀರೆಯ ಕೆಂಪು ಸೆರಗಿನ ಪಕ್ಕದಲ್ಲಿ ಕೆಂಪು ಗುಲಾಬಿ ಇಡುವ ಬದಲು ಕೆನೆ ಬಣ್ಣದ್ದು ಇಟ್ಟು ನೋಡಿ. ಹಾವೇರಿಯ ಏಲಕ್ಕಿ ಹಾರ ಹಾಕುವ ಮನೆಯವರಿಗೆ ಒಂದು ಸಲಹೆ: ಆ ದಿನ ಬೊಕೆಗೆ ಸುಗಂಧರಾಜ, ಲಿಲ್ಲಿ ಬೇಡ. ಏಲಕ್ಕಿಯ ಪರಿಮಳವೇ ಇರಲಿ, ವಾಸನೆಯಿಲ್ಲದ ಕಾರ್ನೇಷನ್ ಅದಕ್ಕೆ ತಕ್ಕ ಜೊತೆ.

ಲಿಲ್ಲಿಯ ತೊಂದರೆ ಅದರ ಪರಾಗ. ಹೂವು ಬಿಚ್ಚಿದ ಕೂಡಲೇ, ಕೇಸರ ಇನ್ನೂ ಪುಡಿ ಬಿಡುವ ಮೊದಲೇ, ಚಿವುಟಿ ತೆಗೆಯಬೇಕು. ಸೀರೆಗೆ ಬಿದ್ದರೆ ಒರೆಸಬೇಡಿ, ನೀರು ಹಚ್ಚಬೇಡಿ, ಸೆಲ್ಲೋಟೇಪ್ ಒತ್ತಿ ಎತ್ತಿ. ಕಣಗಿಲೆ ನಮ್ಮ ಹಿತ್ತಲಿನ ಚಂದದ ಹೂವು, ಆದರೆ ಗಿಡದ ಪ್ರತಿ ಭಾಗವೂ ವಿಷ. ಬೊಕೆಯನ್ನು ಮಕ್ಕಳು ಕಸಿದುಕೊಂಡು ಬಾಯಿಗಿಡುತ್ತಾರೆ, ಬೇಡ.

ಈಗ ಕಟ್ಟುವುದು. ನಡುವಿನ ಗುಲಾಬಿಯನ್ನು ನೆಟ್ಟಗೆ ಹಿಡಿದು, ಮುಂದಿನ ಪ್ರತಿ ದಂಟನ್ನು ಅದರ ಮೇಲೆ ಒಂದೇ ದಿಕ್ಕಿಗೆ ಓರೆಯಾಗಿ ಇಡುತ್ತ ಹೋಗಿ, ಎರಡು ಮೂರು ದಂಟಿಗೊಮ್ಮೆ ಇಡೀ ಗುಚ್ಛವನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ. ಒಂದೇ ಒಂದು ದಂಟು ಎದುರು ದಿಕ್ಕಿಗೆ ಹೋದರೂ ಕಟ್ಟಿದಾಗ ಅಲ್ಲಿ ಮುರಿಯುತ್ತದೆ. ಎಲ್ಲ ದಂಟು ದಾಟುವ ಒಂದೇ ಬಿಂದುವಿನಲ್ಲಿ ಸಣಬಿನ ದಾರದಿಂದ ಬಿಗಿಯಿರಿ, ಹೂವಿನ ತಲೆಯಿಂದ ಒಂದು ಚೋಟು ಕೆಳಗೆ. ಕೆಳಗೆ 15 ಸೆಂಟಿಮೀಟರ್ ಬಿಟ್ಟು ಉಳಿದದ್ದು ಕತ್ತರಿಸಿ. ಹಿಡಿಕೆಯ ದಪ್ಪ ನೋಡಿಕೊಳ್ಳಿ: 30 ದಂಟಿನದು ಮೂರ್ನಾಲ್ಕು ಸೆಂಟಿಮೀಟರ್, ಹೆಬ್ಬೆರಳು ಬೆರಳಿಗೆ ಮುಟ್ಟುತ್ತದೆ. 40 ದಾಟಿದರೆ ಮೆಹಂದಿ ಹಚ್ಚಿದ ಸಣ್ಣ ಕೈಗೆ ಹಿಡಿತ ಸಿಗುವುದಿಲ್ಲ, ಆಗ ಅರ್ಧ ಹೂವಿನ ದಂಟು ತೆಗೆದು ತಂತಿ ಹಾಕಬೇಕಾಗುತ್ತದೆ.

ಬೆಳಗಿನ ಮದುವೆಗೆ ಹಿಂದಿನ ಬೆಳಿಗ್ಗೆ ಹೂವು ತಂದು, ಹಗಲೆಲ್ಲ ನೀರು ಕುಡಿಸಿ, ಸಂಜೆ ಕಟ್ಟಿ, ರಾತ್ರಿ ಮತ್ತೆ ನೀರಿನಲ್ಲಿ ಇಡಿ. ರಿಬ್ಬನ್ ಸುತ್ತುವುದು ಹೊರಡುವ ಒಂದು ತಾಸು ಮೊದಲು. ದಂಟುಗಳನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೊದಲು ಫ್ಲೋರಲ್ ಟೇಪ್ (ಹೂವಿನ ದಂಟಿಗೆ ಸುತ್ತುವ ಟೇಪ್), ಅದರ ಮೇಲೆ ಒಂದಿಂಚು ಅಗಲದ ಸ್ಯಾಟಿನ್ ರಿಬ್ಬನ್ ಎರಡು ಮೀಟರ್. ಟಾಚಣಿಯನ್ನು (ಗುಂಡುಪಿನ್ನು) ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಚುಚ್ಚಿ, ತುದಿ ದಂಟುಗಳ ಒಳಗೇ ಉಳಿಯಬೇಕು. ಅಡ್ಡ ಚುಚ್ಚಿದರೆ ಇನ್ನೊಂದು ಬದಿಗೆ ಹೊರಬಂದು ಉಂಗುರ ಹಾಕುವ ಹೊತ್ತಿಗೆ ಬೆರಳಿಗೆ ರಕ್ತ. ದಂಟಿನ ಕೊನೆಯ ಎರಡು ಸೆಂಟಿಮೀಟರ್ ರಿಬ್ಬನ್ ಇಲ್ಲದೆ ಬಿಡಿ, ಯಾವಾಗ ಬೇಕಾದರೂ ನೀರಿಗೆ ಇಡಬಹುದು. ಅದಕ್ಕೆ ಸ್ಟೇಜಿನ ಹಿಂದೆ ಎರಡು ಬೆರಳು ನೀರು ಹಾಕಿದ ಒಂದು ಸ್ಟೀಲ್ ಚೆಂಬು ಇಡಿ. ಜೊತೆಗಿರುವ ಹುಡುಗಿಗೆ ಮೊದಲೇ ಹೇಳಿಡಿ: ಬೊಕೆ ಕುರ್ಚಿಯ ಮೇಲಲ್ಲ, ಚೆಂಬಿನಲ್ಲಿ, ಮತ್ತೆ ಕೊಡುವಾಗ ತುದಿ ಒರೆಸಿ.

ಹುಬ್ಬಳ್ಳಿಯಲ್ಲಿ ಕಟ್ಟಿಸಿ ಗದಗಿಗೋ ಹಾವೇರಿಗೋ ಒಯ್ಯುವವರು ಒಂದೂವರೆ ತಾಸಿನ ದಾರಿ ಲೆಕ್ಕಕ್ಕೆ ಹಿಡಿಯಿರಿ. ಕಾರಿನ ಡಿಕ್ಕಿ ಒಲೆಯಂತೆ ಕಾಯುತ್ತದೆ. ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ನೀರಿನ ಡಬ್ಬಿ ಕೂಡಿಸಿ, ಹಿಂದಿನ ಸೀಟಿನ ಕಾಲಿನ ಜಾಗದಲ್ಲಿ ಇಡಿ, ಏಸಿಯ ಗಾಳಿ ನೇರವಾಗಿ ಹೂವಿಗೆ ಬಡಿಯದಿರಲಿ. ಮಳೆಗಾಲದ ಧಾರವಾಡದಲ್ಲಿ ತೊಂದರೆ ಬೇರೆ: ಎಸಳಿನ ಮೇಲೆ ನೀರು ನಿಂತರೆ ಬಿಳಿ ಗುಲಾಬಿಗೆ ಬೂಷ್ಟಿನ ಕಂದು ಚುಕ್ಕೆ ಬೀಳುತ್ತದೆ. ಆಗ ನೀರು ಚಿಮುಕಿಸುವ ಅಭ್ಯಾಸ ಬಿಡಿ.

ಮದುವೆ ಮುಗಿದ ಮೇಲೆ ಬೊಕೆ ಉಳಿಸಿಕೊಳ್ಳುವ ಆಸೆ ಇದ್ದರೆ ಆ ರಾತ್ರಿಯೇ ಶುರು ಮಾಡಬೇಕು, ಮೂರನೇ ದಿನ ನೆನಪಾದರೆ ತಡ. ರಿಬ್ಬನ್ ಬಿಚ್ಚಿ, ಸುಗಂಧರಾಜ, ಮಲ್ಲಿಗೆ ತೆಗೆದುಹಾಕಿ. ಅವು ಒಣಗುವ ಬದಲು ಕೊಳೆಯುತ್ತವೆ. ಗುಲಾಬಿ, ಲಿಮೋನಿಯಂ, ಜಿಪ್ಸೊಫಿಲಾ ಮಾತ್ರ ನಾಲ್ಕೈದು ದಂಟಿನ ಸಣ್ಣ ಕಟ್ಟು ಮಾಡಿ, ಬೆಳಕಿಲ್ಲದ ಒಣ ಕೋಣೆಯಲ್ಲಿ ತಲೆಕೆಳಗಾಗಿ ಎರಡು ಮೂರು ವಾರ ತೂಗುಹಾಕಿ. ಬಣ್ಣ ಚೆನ್ನಾಗಿ ಉಳಿಯಬೇಕಾದರೆ ತೇವ ಹೀರುವ ಸಿಲಿಕಾ ಜೆಲ್ ಪುಡಿಯಲ್ಲಿ ಒಂದು ವಾರ ಹೂತಿಡಿ, ಡಬ್ಬಿಯ ಮುಚ್ಚಳ ಗಾಳಿಯಾಡದಂತಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮದುವೆಯ ಬೊಕೆಗೆ ಈ ಎರಡನೇ ದಾರಿಯೇ ಸರಿ, ಆ ತಿಂಗಳುಗಳಲ್ಲಿ ಧಾರವಾಡದ ಗಾಳಿಯಲ್ಲಿ ತೂಗುಹಾಕಿದ ಹೂವು ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ.